ಅಜ್ಜಿ ನಿಲ್ಲಿಸಿದ ಇಂಗ್ಲಿಷ್ ಪಾಠ

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ. ಪಾಲಿಬೆಟ್ಟದ ಎಸ್ಟೇಟೊಂದರಲ್ಲಿ ಅಪ್ಪ ಲೆಕ್ಕಪತ್ರ ಬರೆಯುವ ರೈಟರ್. ಬಸ್ಸಿನಲ್ಲಿ ನಾನು ಯಾವನೋ ಹುಡುಗನ ಜೊತೆ ನಗುತ್ತ ಮಾತಾಡಿದೆನೆಂದು ಯಾರೋ ಅಪ್ಪನ ಕಿವಿಗೆ ಹಾಕಿದರು. ಮರುದಿನದಿಂದ ವಿರಾಜಪೇಟೆಯ ಹೈಸ್ಕೂಲು ನಿಂತಿತು. ಅದು ನನ್ನ ಕೊನೆಯ ವರ್ಷ. ಆಮೇಲೆ ಹಿತ್ತಲಿನ ಬೇಲಿಯವರೆಗೆ ಹೋಗಲೂ ಅಜ್ಜಿಯನ್ನು ಕೇಳಬೇಕಾಯಿತು.

ನಮ್ಮ ಇಂಗ್ಲಿಷ್ ಟೀಚರ್ ಪಾಲಿಬೆಟ್ಟದಲ್ಲೇ ಬಾಡಿಗೆಗಿದ್ದರು. ಮನೆಯಲ್ಲೇ ಓದಿಸಿ ಪರೀಕ್ಷೆಗೆ ಕೂರಿಸುತ್ತೇನೆಂದು ಹೇಳಿ ಅಪ್ಪನನ್ನು ಒಪ್ಪಿಸಿದರು. ಶನಿವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಪಾಠ. ಬಡ ಹುಡುಗಿಯೊಬ್ಬಳು ಬೆಳೆದು ದೊಡ್ಡವಳಾಗುವ ಹಳೆಯ ಇಂಗ್ಲಿಷ್ ಕಾದಂಬರಿ ಪಠ್ಯವಾಗಿತ್ತು. ಎದುರಿಗೆ ಅಜ್ಜಿ, ಅವರೆಕಾಯಿ ಸುಲಿಯುತ್ತ ಕಾವಲು.

"ನಂಗೂ ತಿಳಿಯೋ ಹಂಗೆ ಹೇಳಮ್ಮ. ಏನ್ ಕಲಿಸ್ತೀಯ ಅಂತ ಗೊತ್ತಾಗ್ಬೇಕಲ್ಲ" ಎಂದಳು ಅಜ್ಜಿ.

ಟೀಚರ್ ಪುಟಪುಟವನ್ನೂ ಕನ್ನಡದಲ್ಲಿ ಹೇಳತೊಡಗಿದರು.

"ಅವಳಿರೋ ಮನೆ ಹೇಗಿದೆ?" ಎಂದು ನನ್ನನ್ನು ಕೇಳಿದರು.

"ಕತ್ತಲೆ. ಯಾವಾಗ್ಲೂ ಪರದೆ ಎಳೆದಿರುತ್ತೆ."

"ಅದು ಬರೀ ವರ್ಣನೆ ಅಲ್ಲ. ಕಥೆಯ ಆವರಣ. ಆ ಮನೆ ಅವಳನ್ನ ಏನು ಮಾಡ್ತಿದೆ ನೋಡು."

ನಾನು ನಮ್ಮ ಕಿಟಕಿಯ ಸರಳು ನೋಡಿ ತಲೆ ತಗ್ಗಿಸಿದೆ.

"ಸರಿ, ಸಂಘರ್ಷ ಯಾರ ಜೊತೆ?"

"ಅವಳನ್ನ ಸಾಕಿದ ದೊಡ್ಡಪ್ಪನ ಜೊತೆ."

"ಅವನೊಬ್ಬನ ಜೊತೆಗೇನಾ?"

ಉತ್ತರ ಗೊತ್ತಿತ್ತು. ಅಜ್ಜಿ ಎದುರಿಗೇ ಇದ್ದಳು. ನಾನು ಪುಟ ತಿರುವಿದೆ.

ಹುಡುಗಿ ಬೆಳಗಿನ ಜಾವ ಮನೆ ಬಿಡುವ ಅಧ್ಯಾಯ ಬಂತು. ಅಜ್ಜಿಯ ಕೈ ನಿಂತಿತು.

"ಯಾರ್ ಜೊತೆ ಹೋದ್ಲು?"

"ಒಬ್ಬಳೇ, ಅಜ್ಜಿ" ಎಂದರು ಟೀಚರ್.

"ಸಾಕಮ್ಮ. ಇನ್ ಮೇಲೆ ಬರ್ಬೇಡ."

"ಪರೀಕ್ಷೆ ಹತ್ತಿರ ಬಂತಲ್ಲ ಅಜ್ಜಿ…"

"ಪರೀಕ್ಷೆ ಬರೀದೆ ನಾನು ಬಾಳ್ವೆ ಮಾಡ್ಲಿಲ್ವಾ?"

ಪುಸ್ತಕ ಟೀಚರದ್ದೇ. ತೆಗೆದುಕೊಂಡು ಹೋದರು. ನಾನು ಜಗಲಿ ಇಳಿಯಲಿಲ್ಲ.

ಕೆಲವು ದಿನಗಳ ಮೇಲೆ ಅಜ್ಜಿ ನನ್ನ ತಲೆ ಬಾಚುತ್ತ ಕೇಳಿದಳು: "ಆ ಹುಡುಗಿ ಆಮೇಲೆ ಏನಾದ್ಲೇ?"

ನಾನು ಓದಿರಲಿಲ್ಲ. ಆದರೂ ಅವಳಿಗೆ ಹಿಡಿಸೀತೆಂದು, "ವಾಪಸ್ ಬಂದ್ಲು" ಎಂದೆ.

"ಸುಳ್ಳು. ಒಂದ್ಸಲ ದಾಟಿದವಳು ಯಾಕ್ ಬರ್ತಾಳೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಟೀಚರನ್ನು ಮತ್ತೆ ಕರೆಸುವಳೇನೋ ಎಂದು ಕಾದೆ. ಅವಳು ಜಡೆ ಇನ್ನಷ್ಟು ಬಿಗಿಯಾಗಿ ಹೆಣೆದಳು, ಅಷ್ಟೆ.

ನಾನು ಪರೀಕ್ಷೆ ಬರೆಯಲಿಲ್ಲ. ಆ ಬೇಸಗೆಯಲ್ಲಿ ಕುಶಾಲನಗರದ ಕಡೆ ನನ್ನನ್ನು ಮದುವೆ ಮಾಡಿಕೊಟ್ಟರು.