‘ಬೇ’ ಅಂದದ್ದಕ್ಕೆ ನಿಂತ ಕೆಲಸ

ನನ್ನ ಬಾಯಿಂದ ಒಂದಕ್ಷರ ಹೊರಬಿದ್ದದ್ದಕ್ಕೆ ಇಡೀ ಗೋದಾಮು ಸ್ತಬ್ಧವಾಯಿತು. ಮಂಗಳೂರಿಗೆ ಬಂದು ಅದು ಎರಡನೇ ದಿನ. ನಮ್ಮ ಇಂಡಿ ಕಡೆಯ ಲಿಂಬೆಹಣ್ಣು ಇಳಿಯುವ ಗೋದಾಮಿಗೆ ನಾನು ಹೊಸ ಮೇಲ್ವಿಚಾರಕ. ಹಣ್ಣು ಆರಿಸುವ ಹೆಂಗಸರಲ್ಲಿ ಹಿರಿಯರಾದ ಸುನಂದಾ ಬುಟ್ಟಿ ಹೊತ್ತು ಒದ್ದೆ ನೆಲದ ಮೇಲೆ ಬರುತ್ತಿದ್ದರು. ಜಾರಿಬಿದ್ದಾರು ಅಂತ ಕೂಗಿದೆ: “ಸಾವಕಾಶ ಬೇ!”

ಅವರು ಬುಟ್ಟಿ ಕೆಳಗಿಟ್ಟರು. “ಯಾರಿಗೆ ನೀವು ‘ಬೇ’ ಹೇಳುವುದು? ನನ್ನ ಪ್ರಾಯಕ್ಕಾದರೂ ಮರ್ಯಾದೆ ಬೇಡವಾ?”

ಇಂಡಿ ಹತ್ತಿರದ ನಮ್ಮೂರು ತಾಂಬಾದಲ್ಲಿ ಅವ್ವನಿಗೆ, ಅಕ್ಕನಿಗೆ, ಪ್ರೀತಿಯ ಯಾವ ಹೆಂಗಸಿಗೂ ‘ಬೇ’ ಹಚ್ಚಿಯೇ ಮಾತಾಡುತ್ತೇವೆ. ಇಲ್ಲಿನವರ ಕಿವಿಗೆ ಅದು ಹಿಂದಿಯ ‘ಅಬೇ’, ಅಂದರೆ ಬೈಗುಳ. ಮಧ್ಯಾಹ್ನ ಕೆಲಸವೇನೋ ಮತ್ತೆ ಶುರುವಾಯಿತು, ನನ್ನ ಮಾತಿಗೆ ಮಾತ್ರ ಒಬ್ಬರೂ ಓಗೊಡಲಿಲ್ಲ. ಮಾಲೀಕರು ತಣ್ಣಗೆ ಹೇಳಿದರು: “ನೀವೇ ಸರಿ ಮಾಡಿ ಮಾರಾಯ್ರೆ. ವಾರದೊಳಗೆ ಆಗದಿದ್ದರೆ ಬೇರೆ ಜನ ನೋಡುವ.” ‘ನೋಡುವ’ ಅಂದರೆ ಇಲ್ಲಿ ‘ನೋಡೋಣ’. ದನಿ ಏರಿಸದೆಯೇ ಕೆಲಸದಿಂದ ತೆಗೆಯಬಲ್ಲ ಊರು ಇದು. ನಮ್ಮಲ್ಲಾದರೆ ಪೇಟೆ ತುಂಬ ಕೇಳುವಂತೆ ಜಗಳಾಡಿ, ಒಂದು ಕಪ್ ಚಹಾ ಹಂಚಿಕೊಂಡು ಮುಗಿಸುತ್ತಿದ್ದೆವು.

ನಾಲ್ಕು ದಿನ ಬಾಯಿ ಮುಚ್ಚಿಕೊಂಡು ತಿರುಗಿದೆ. ರೊಟ್ಟಿ ತಿಂದು ಬೆಳೆದ ನನಗೆ ಕುಚ್ಚಲಕ್ಕಿಯ ದಪ್ಪ ಅನ್ನ ರುಚಿಸಲಿಲ್ಲ. ಹೆಂಗಸರು ತುಳುವಿನಲ್ಲಿ ಏನೋ ಹೇಳಿ ನಕ್ಕರೆ ನನ್ನನ್ನೇ ಆಡಿಕೊಂಡರು ಅನಿಸುತ್ತಿತ್ತು. ‘ನೀ ಒರಟ, ಈ ಊರಿಗೆ ಒಗ್ಗಾಂವಲ್ಲ, ಗಂಟು ಕಟ್ಟು’ ಎಂದು ಮನಸ್ಸು ಒಂದೇ ಸಮ ಹೇಳುತ್ತಿತ್ತು.

ಮೀಸೆ ಮೂಡುವ ಮೊದಲೇ ಇಂಡಿ ಪೇಟೆಯಲ್ಲಿ ಚೌಕಾಶಿಗೆ ಇಳಿದವನು ನಾನು. ಎದುರಿನವ ಹೇಳಿದ ಮೊದಲ ದರಕ್ಕೆ ಎಂದೂ ಹೂಂ ಅಂದವನಲ್ಲ. ಮನಸ್ಸು ಹೇಳಿದ ದರಕ್ಕೆ ಮಾತ್ರ ಯಾಕೆ ಕಣ್ಣು ಮುಚ್ಚಿ ಒಪ್ಪಿದೆ? ಪರವೂರಿಗೆ ದುಡಿಯಲು ಹೋಗುವವರು ಇದನ್ನು ಕೇಳಿರಿ: ಅಂಜಿಕೆ ಬಂದರೆ ಅದನ್ನು ಓಡಿಸುವುದರಲ್ಲೇ ದಿನ ಕಳೆಯಬೇಡಿ, ಅದು ಹೇಳಿದ್ದೆಲ್ಲ ಖರೆ ಅಂತಲೂ ತಿಳಿಯಬೇಡಿ. ಬರಲಿ, ಪಕ್ಕದಲ್ಲಿ ಕೂಡಲಿ. ಅದನ್ನು ಜೊತೆಗಿಟ್ಟುಕೊಂಡೇ, ಮಾಡಲೇಬೇಕಾದದ್ದನ್ನು ಮಾಡಿರಿ.

ಐದನೇ ದಿನ, ಎದೆ ಡವಡವ ಅನ್ನುತ್ತಿದ್ದಂತೆಯೇ, ಎಲ್ಲರೆದುರು ಹೋಗಿ ನಿಂತೆ. “ನಮ್ಮೂರಾಗ ಹಡೆದವ್ವಗೂ ಹಂಗ ಅಂತೀವ್ರಿ. ಆದ್ರ ನಿಮಗ ನೋವಾಗೇತಿ. ತಪ್ಪಾತ್ರಿ.”

“ಹೆತ್ತವರಿಗೆ ಹೇಳಿ, ನನಗೆ ಬೇಡ,” ಎಂದರು ಸುನಂದಾ, ಹಣ್ಣಿನಿಂದ ತಲೆ ಎತ್ತದೆ.

“ಮತ್ತ ಏನಂತ ಕರೀಲ್ರಿ?”

“ಸುನಂದಕ್ಕ ಅಂತ ಕರೆದರೆ ಸಾಕು. ಅಷ್ಟು ಬೊಬ್ಬೆ ಹೊಡೆಯಬೇಡಿ. ನನಗೆ ಕಿವಿ ಉಂಟು.”

ಯಾರೋ ಕಿಸಕ್ಕನೆ ನಕ್ಕರು. ನನ್ನನ್ನೇ ನೋಡಿ ನಕ್ಕದ್ದು, ಅನುಮಾನವಿಲ್ಲ. ನಾನೂ ನಕ್ಕೆ. ಅಂದಿನಿಂದ ನನ್ನ ಮಾತಿಗೆ ಓಗೊಟ್ಟರು, ಕೆಲಸ ಉಳಿಯಿತು.

ಈಗ ಎರಡು ವರ್ಷವಾಯಿತು. ದನಿ ತಗ್ಗಿದೆ, ಮಾತಿನ ಅಂಚು ನುಣುಪಾಗಿದೆ. ಕಳೆದ ತಿಂಗಳು ಊರಿಗೆ, ಅಣ್ಣನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅವ್ವ ಬಡಿಸುತ್ತಿದ್ದಳು. “ಸಾಕು, ನೀವೂ ಊಟ ಮಾಡಿ,” ಎಂದೆ ಮೆಲ್ಲಗೆ. ಮಾತು ಬಂದಾಗಿನಿಂದ ಅವಳಿಗೆ ‘ನೀ’, ‘ಬೇ’ ಅಂದವನು ನಾನು.

ಅವ್ವ ನನ್ನ ಮುಖ ನೋಡಿದಳು. “ಆತ್ರಿ ಸಾಹೇಬ್ರ. ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?”

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವ ನಗಲಿಲ್ಲ. ಎಂದೂ ಕೇಳಿ ಬಡಿಸಿದವಳಲ್ಲ ಅವಳು. ಅಂದು ರೊಟ್ಟಿ ಕೈಯಲ್ಲಿ ಹಿಡಿದು, ನನ್ನ ಉತ್ತರಕ್ಕೆ ಕಾಯುತ್ತ ನಿಂತಿದ್ದಳು.