ಭಾವಮೈದನ ಬಿಳಿ ಬಿಲ್ಲೆ

ಲಷ್ಕರ್ ಮೊಹಲ್ಲಾದ ಗಾರೆ ಚಾಮಯ್ಯ ಹಾಕಿದ ಕೆಂಪು ನೆಲದಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು ಎಂದು ಮೈಸೂರಿನ ಹೆಂಗಸರು ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಕೇಳಿಸದವನಂತೆ ಕರಣೆ ತೊಳೆಯುತ್ತ ನಿಲ್ಲುತ್ತಿದ್ದ. ಹುಟ್ಟಿದ್ದು ಮಂಡಕಳ್ಳಿಯ ಒಕ್ಕಲು ಮನೆಯಲ್ಲಿ. ಉಳುಮೆ ಒಗ್ಗದೆ ಪಟ್ಟಣಕ್ಕೆ ಬಂದು, ಇಟ್ಟಿಗೆ ಹೊತ್ತು, ಗಾರೆ ಕಲಸಿ, ಕೊನೆಗೆ ತಾನೇ ಮೇಸ್ತ್ರಿಯಾದವನು. ಹೆಂಡತಿ ಸುಂದರಮ್ಮನ ತಮ್ಮ ದೇವಯ್ಯನಿಗೆ ಕರಣೆ ಹಿಡಿಯುವುದನ್ನು ಕಲಿಸಿದವನೂ ಅವನೇ.

ಆ ದೇವಯ್ಯ ಬೊಂಬಾಯಿಗೆ ಹೋದ. ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ ತಿರುಗಿ ಬಂದಾಗ ಅವನ ಬಾಯಲ್ಲಿ ‘ಟೈಲ್ಸು’ ಎಂಬ ಹೊಸ ಮಾತಿತ್ತು.

ಆಗ ಚಾಮಯ್ಯ ಯಾದವಗಿರಿಯಲ್ಲಿ ಶಾಂತಾದೇವಿಯವರ ಹೊಸ ಮನೆಗೆ ನೆಲ ಹಾಕುತ್ತಿದ್ದ. ಅಕ್ಕ ಕಟ್ಟಿಕೊಟ್ಟ ಬುತ್ತಿ ಕೊಡಲು ಬಂದ ದೇವಯ್ಯ, ಸುಮ್ಮನೆ ಹೋಗದೆ ಬಚ್ಚಲುಮನೆಗೆ ಇಣುಕಿ ನೋಡಿದ.

“ಅಮ್ಮಾವ್ರೇ, ಇಲ್ಲಿಗೆ ಗಾರೆ ಯಾಕೆ? ಗೋಡೆಗೆ ಬಿಳೀ ಪಿಂಗಾಣಿ ಟೈಲ್ಸ್ ಹಾಕ್ಸಿ, ನೆಲಕ್ಕೆ ಜಾರದಂಥದ್ದು ಹಾಕ್ಸಿ. ಪಾಚಿ ಕಟ್ಟಲ್ಲ, ಜಿಡ್ಡು ನಿಲ್ಲಲ್ಲ.”

ಶಾಂತಾದೇವಿಯವರ ಕಣ್ಣು ಅರಳಿತು. “ಹಾಗಾದ್ರೆ ಚಾಮಯ್ಯ, ಇಲ್ಲಿ ಗೋಡೆಯ ಗಿಲಾವು ಒಂದು ಮಾಡ್ಕೊಟ್ಟುಬಿಡು. ಮಿಕ್ಕಿದ್ದು ದೇವಯ್ಯ ನೋಡ್ಕೋತಾನೆ,” ಎಂದರು.

ಮಿಕ್ಕಿದ್ದು! ಆ ಮಾತು ಚಾಮಯ್ಯನ ಎದೆಯಲ್ಲಿ ಮುಳ್ಳಾಗಿ ಕೂತಿತು. ಗಿಲಾವಿನ ಗಾರೆ ಮೆತ್ತುವ ಮೊದಲು ಇಟ್ಟಿಗೆಗೆ ನೀರು ಎರಚಬೇಕು, ಅದು ಕುಡಿದು ಸಾಕೆನ್ನುವವರೆಗೂ ಎರಚಬೇಕು; ಇಲ್ಲದಿದ್ದರೆ ಗಾರೆ ಇಟ್ಟಿಗೆಯನ್ನು ಕಚ್ಚುವುದಿಲ್ಲ. ಮಾರನೆಯ ದಿನ ಅವನ ಕೈ ನೀರಿನ ಬಕೆಟ್ಟಿನ ಕಡೆಗೆ ಹೋಗಲೇ ಇಲ್ಲ. ಹೇಗಿದ್ದರೂ ದೇವಯ್ಯನ ಪಿಂಗಾಣಿ ಬಿಲ್ಲೆಯ ಹಿಂದೆ ಮುಚ್ಚಿಹೋಗುವ ಗೋಡೆ ತಾನೇ ಎಂದುಕೊಂಡು, ಒಣ ಇಟ್ಟಿಗೆಯ ಮೇಲೇ ಗಾರೆ ಬಡಿದು ಎದ್ದುಬಂದ.

ದೇವಯ್ಯ ಬಿಲ್ಲೆಗಳನ್ನು ತೊಟ್ಟಿಯಲ್ಲಿ ನೆನೆಹಾಕಿದ. ದಾರ ಕಟ್ಟಿ, ಒಂದೊಂದರ ಬೆನ್ನಿಗೂ ಸಿಮೆಂಟು ಬಳಿದು, ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ಕೂರಿಸಿದ. ನೆಲ ಮುಗಿದ ಮೇಲೆ ಒಂದು ಚೊಂಬು ನೀರು ಸುರಿದ. ನೀರು ಎಲ್ಲಿಯೂ ನಿಲ್ಲದೆ, ಹೇಳಿಸಿಕೊಂಡ ಹಾಗೆ ಮೋರಿಯ ಬಾಯಿಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಚಾಮಯ್ಯ ಒಂದು ತೊಟ್ಟಾದರೂ ನಿಂತೀತೇ ಎಂದು ಕಾದು ನೋಡಿದ.

ಗೃಹಪ್ರವೇಶದ ದಿನ ಬಂದ ಹೆಂಗಸರೆಲ್ಲ ಅವನ ಕೆಂಪು ನೆಲವನ್ನು ತುಳಿದುಕೊಂಡು ಹೋಗಿ ಬಚ್ಚಲಿನಲ್ಲಿ ಗುಂಪುಗೂಡಿದರು. “ಹಾಲು ಬಳಿದ ಹಾಗಿದೆ ಕಣ್ರೀ!” ಎಂದಳು ಒಬ್ಬಳು. ಸುಂದರಮ್ಮನೂ, “ನನ್ನ ತಮ್ಮಂದು ಕೈಗುಣ,” ಎಂದು ಹೇಳಿಕೊಂಡು ಓಡಾಡಿದಳು. ಚಾಮಯ್ಯ ಅಂದು ಎಲೆಗೆ ಬಡಿಸಿದ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದ.

ಆಮೇಲೆ ಅವನಿಗೆ ಒಂದು ಚಟ ಹತ್ತಿತು. ನೆಲ ಬಿರುಕು ಬಿಟ್ಟಿದೆಯೇ ನೋಡುತ್ತೇನೆಂದು ನೆವ ಹೇಳಿ ಆ ಮನೆಗೆ ಹೋಗುವುದು, ಬಚ್ಚಲಿಗೆ ನುಗ್ಗಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟುವುದು. ಒಮ್ಮೆ ಹಂಡೆಯ ಮಗ್ಗುಲಲ್ಲಿ ಟೊಳ್ಳು ಸದ್ದು ಬಂತು. ಮತ್ತೆ ತಟ್ಟಿದ. ಟೊಳ್ಳೇ! ದೇವಯ್ಯನ ಬಿಲ್ಲೆ ಗೋಡೆ ಬಿಡುತ್ತಿದೆ! ಆ ಸಂಜೆ ಅವನು ಹೆಂಡತಿಗೆ ಮಲ್ಲಿಗೆ ಹೂ ತಂದ.

“ಏನ್ರೀ ಇವತ್ತು ವಿಶೇಷ?”

“ಏನಿಲ್ಲ, ಇಟ್ಕೋ.”

ಅಂತೂ ಮಳೆಗಾಲ ಕಳೆಯುವ ಹೊತ್ತಿಗೆ ಆ ಮೂಲೆಯ ಬಿಲ್ಲೆಗಳು ಒಟ್ಟಿಗೇ ಕಳಚಿ ಬಿದ್ದವು. ಶಾಂತಾದೇವಿಯವರು ಇಬ್ಬರಿಗೂ ಹೇಳಿಕಳಿಸಿದರು. ‘ನನಗೆ ಮೊದಲೇ ಗೊತ್ತಿತ್ತು ಅಮ್ಮಾವ್ರೇ, ಪರವೂರಿನ ಕೆಲಸ ನಮ್ಮೂರಿಗೆ ಹಿಡಿಯಲ್ಲ’ ಎಂಬ ಮಾತನ್ನು ದಾರಿಯುದ್ದಕ್ಕೂ ಹದ ಮಾಡಿಕೊಳ್ಳುತ್ತ ಚಾಮಯ್ಯ ಹೋದ.

ದೇವಯ್ಯ ಆಗಲೇ ಬಂದು ಕುಕ್ಕರಗಾಲಲ್ಲಿ ಕೂತಿದ್ದ. ಬಿದ್ದ ಬಿಲ್ಲೆಯೊಂದನ್ನು ಮಗುಚಿ ಹಿಡಿದಿದ್ದ. ಅದರ ಬೆನ್ನಿಗೆ ಸಿಮೆಂಟು ಕಚ್ಚಿಕೊಂಡಿತ್ತು, ಸಿಮೆಂಟಿಗೆ ಗಿಲಾವು ಕಚ್ಚಿಕೊಂಡಿತ್ತು. ಇಟ್ಟಿಗೆಯ ಕೈ ಬಿಟ್ಟದ್ದು ಗಿಲಾವು. ಗೋಡೆಯ ಇಟ್ಟಿಗೆ ಆಗತಾನೇ ಕಟ್ಟಿದಷ್ಟು ಚೊಕ್ಕಟವಾಗಿ ಕಾಣುತ್ತಿತ್ತು. ಗಾರೆ ಕೆಲಸದವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದ ಮಾಡಿಕೊಂಡು ಬಂದ ಮಾತಿನ ಬದಲು ಚಾಮಯ್ಯನಿಗೆ ಅಂದು ತಾನು ಮುಟ್ಟದ ನೀರಿನ ಬಕೆಟ್ಟು ನೆನಪಾಯಿತು.

ದೇವಯ್ಯ ಭಾವನ ಮುಖ ಒಮ್ಮೆ ನೋಡಿ ಎದ್ದು ನಿಂತ. “ಗೋಡೆ ಶೀತ ಹೊಡೆದದೆ ಅಮ್ಮಾವ್ರೇ. ನಾನು ನೋಡ್ಕೋಬೇಕಾಗಿತ್ತು, ತಪ್ಪು ನಂದೇ. ತಿರ್ಗಾ ಹಾಕ್ಕೊಡ್ತೀನಿ.”

“ಯಾರೂ ಹೀಗೆ ತಪ್ಪು ಒಪ್ಪೋದಿಲ್ಲಪ್ಪ. ಎಷ್ಟು ದೊಡ್ಡ ಮನಸ್ಸು ನಿಂದು!” ಎಂದರು ಶಾಂತಾದೇವಿ.

ಚಾಮಯ್ಯನಿಗೆ ‘ಬದುಕಿಕೊಂಡೆ’ ಎನಿಸಬೇಕಾಗಿತ್ತು. ಎನಿಸಲಿಲ್ಲ, ಬದಲಿಗೆ ಹೊಟ್ಟೆಯೊಳಗೆ ಬೆಂಕಿ ಭಗ್ಗೆಂದಿತು. ಕೆಲಸದಲ್ಲಿ ಹೆಸರು ತೆಗೆದುಕೊಂಡ, ಅಕ್ಕನ ಬಾಯಲ್ಲಿ ತೆಗೆದುಕೊಂಡ, ಈಗ ಒಳ್ಳೆಯವನೆಂಬ ಹೆಸರನ್ನೂ ನನ್ನ ತಲೆಯ ಮೇಲೆ ಕಾಲಿಟ್ಟೇ ತೆಗೆದುಕೊಳ್ಳುತ್ತಾನಲ್ಲ! ಅದೊಂದನ್ನು ಅವನಿಗೆ ಬಿಟ್ಟುಕೊಡುವುದು ಚಾಮಯ್ಯನಿಂದ ಆಗಲಿಲ್ಲ.

“ಸುಳ್ಳು ಕಣ್ರವ್ವಾ!” ಎಂದು ಕೂಗಿದ. “ಗಿಲಾವು ನಂದು. ನೀರು ಹಾಕ್ದೆ ಬಡಿದ್ಬುಟ್ಟೆ. ಇವನ ಟೈಲ್ಸ್ ನೆಟ್ಟಗವೆ.”

“ನೀನಾ? ಯಾಕೆ ಚಾಮಯ್ಯ?”

“ಹೊಟ್ಟೆಕಿಚ್ಚು ಅಮ್ಮಾವ್ರೇ. ಇನ್ನೇನು?”

ಶಾಂತಾದೇವಿಯವರು ಇಬ್ಬರನ್ನೂ ನೋಡಿ, “ಇಬ್ಬರೂ ಸೇರಿ ಸರಿ ಮಾಡಿ,” ಎಂದಷ್ಟೇ ಹೇಳಿ ಒಳಗೆ ಹೋದರು. ಚಾಮಯ್ಯ ಬಕೆಟ್ಟಿನ ಮೇಲೆ ಬಕೆಟ್ಟು ನೀರು ತಂದು ಗೋಡೆಗೆ ಎರಚಿದ, ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವವನ ಹಾಗೆ. ಹೊಸದಾಗಿ ಮೆತ್ತಿದ ಗಿಲಾವು ಒಣಗಿದ ಮೇಲೆ ದೇವಯ್ಯ, “ಭಾವ, ಒಂದು ನೀವೇ ಕೂರ್ಸಿ,” ಎಂದು ಬಿಲ್ಲೆ ಕೊಟ್ಟ. ಕೂರಿಸಿದ್ದು ಒಂದೆಳೆ ಸೊಟ್ಟಗಾಯಿತು. ದೇವಯ್ಯ ಹೆಬ್ಬೆರಳಿನಿಂದ ಸರಿಮಾಡಿದಾಗ ಚಾಮಯ್ಯನ ಕಿವಿ ಬಿಸಿಯಾಯಿತು. ಆದರೂ ಇನ್ನೊಂದು ಬಿಲ್ಲೆಗೆ ಕೈ ಚಾಚಿದ. ಮುಂದೆ ಜಯಲಕ್ಷ್ಮೀಪುರಂ, ಸರಸ್ವತಿಪುರಂ ಎಂದು ಹೊಸ ಮನೆಗಳು ಎದ್ದಂತೆಲ್ಲ ಬಚ್ಚಲುಗಳಿಗೆ ಇಬ್ಬರನ್ನೂ ಜೊತೆಯಲ್ಲೇ ಕರೆಯತೊಡಗಿದರು.

ಚಾಮಯ್ಯ ತಪ್ಪು ಒಪ್ಪಿಕೊಂಡ ಆ ರಾತ್ರಿ ಊಟಕ್ಕೆ ಕೂತಾಗ ಸುಂದರಮ್ಮ, “ನಮ್ಮ ದೇವಯ್ಯ ಬಂದಿದ್ದ. ಭಾವನಂಥ ಸತ್ಯವಂತ್ರು ಇಲ್ಲ ಅಂತ ಬೀದಿಗೆಲ್ಲ ಹೇಳ್ಕೊಂಡು ಹೋದ,” ಎಂದಳು.

ಚಾಮಯ್ಯ ಮುದ್ದೆ ಮುರಿಯುತ್ತ ಗೊಣಗಿದ: “ನೋಡು, ಅದನ್ನೂ ಅವನೇ ಹೇಳ್ಬೇಕಾಗಿತ್ತಾ!”