ಹೊಂಗೆ ಮರದ ಸಾರ್

ಫೋನ್ ರಿಂಗಾದರೆ ಸಾಕು, ಯಾರೋ ಸತ್ತರು ಎಂದೇ ಬೆವರುವ ಮನುಷ್ಯ ನಾನು. ಮೊಬೈಲು ಕೈಗೆ ಹೊಸದಾಗಿ ಬಂದಿದ್ದ ಆ ವರ್ಷಗಳಲ್ಲಂತೂ ಬಂಧುಬಳಗವನ್ನೆಲ್ಲ ಮನಸ್ಸಿನಲ್ಲೇ ಮಣ್ಣು ಮಾಡಿ ಮುಗಿಸಿದ್ದೆ. ಇಂಥವನನ್ನು ನಮ್ಮ ನಾಯಿ ಗುಂಪಿನವರು ಸುದ್ದಿ ಮುಟ್ಟಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದರು. ಗುಂಪು ಎಂದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಚದುರಿದ್ದ ನಾಲ್ಕೈದು ಜನ. ಪೆಟ್ಟು ತಿಂದ ನಾಯಿಗಳಿಗೆ ಔಷಧಿ ಮಾಡಿಸಿ, ವಾಸಿಯಾಗುವವರೆಗೆ ಯಾರದಾದರೂ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದೆವು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸದ ಹೆಂಗಸೊಬ್ಬಳು ಸಾಕಿದ್ದ ಕೆಂಚು ನಾಯಿಯ ಹಿಂಗಾಲಿನ ಮೇಲೆ ಟೆಂಪೋ ಹತ್ತಿತ್ತು. ಆಕೆಗೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಟರೆ ಜೊತೆಗೆ ಬರುತ್ತಿದ್ದುದು ಅದೊಂದೇ. ಪಟ್ಟಿ ಕಟ್ಟಿಸಿ ನಾಯಿಯನ್ನು ಚಿಂತಾಮಣಿಯ ಶಾಲಾ ಮೇಡಂ ಒಬ್ಬರ ಹಿತ್ತಲಲ್ಲಿ ಬಿಟ್ಟೆವು. ವಾಸಿಯಾದ ಮೇಲೆ ನಾನೇ ತಂದು ಕೊಡುತ್ತೇನೆ ಎಂದು ಆಕೆಗೆ ಮಾತು ಕೊಟ್ಟೆ.

ಮೇಡಂ ಫೋನ್ ಮಾಡಿದಾಗ ನಾನು ತೊಂಡೇಬಾವಿಯಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆ. ಸಿಗ್ನಲ್ ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನ ಹತ್ತಿರ ಮಾತ್ರ, ಅದೂ ಗೂಡ್ಸ್ ಗಾಡಿ ಹೋಗುತ್ತಿದ್ದಾಗ.

“ಸಾರ್, ನಾಯಿ ಹೋಗ್ಬಿಡ್ತು ಸಾರ್. ಏನ್ ಮಾಡೋಣ?”

“ಅಯ್ಯೋ ಪಾಪ. ಇನ್ನೇನ್ ಮಾಡಕ್ಕಾಗತ್ತೆ ಮೇಡಂ, ಹೋಗ್ಲಿ ಬಿಡಿ. ಒಂದು ಕಷ್ಟ ಕಳೀತು ಅನ್ಕೊಳ್ಳಿ.”

ಅವರು ಥಟ್ಟನೆ ಫೋನ್ ಇಟ್ಟರು. ದುಃಖ ಎಂದುಕೊಂಡೆ. ಸಮಾಧಾನ ಹೇಳುವುದರಲ್ಲಿ ನಾನೇನು ಕಮ್ಮಿಯಿಲ್ಲ ಎಂದೂ ಅನಿಸಿತು. ಹೋಗಿ ಊಟಕ್ಕೆ ಕೂತು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮಾರನೆಯ ದಿನ ಶಿಡ್ಲಘಟ್ಟಕ್ಕೆ ಹೋಗಿ ಆಕೆಗೆ ಸುದ್ದಿ ಮುಟ್ಟಿಸಿದೆ. ಮುಟ್ಟಿಸಿ ಸುಮ್ಮನಿರಬಹುದಿತ್ತು. ಮಲಗಿದ್ದಲ್ಲೇ ಪ್ರಾಣ ಬಿಟ್ಟಿತು, ನೋವೇನೂ ಆಗಲಿಲ್ಲ ಎಂದು ಕಣ್ಣಾರೆ ಕಂಡವನಂತೆ ಹೇಳಿದೆ. ಗೂಡು ಬೇಯಿಸುವ ಬಿಸಿನೀರಿನಲ್ಲಿ ನೆನೆದು ಬಿಳಿಚಿಕೊಂಡ ಬೆರಳುಗಳನ್ನು ಸೆರಗಿಗೆ ಒರೆಸುತ್ತ ಆಕೆ, ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಿದಳು. ನಾನು ಮೇಡಂ ಹತ್ತಿರ ಅದನ್ನು ಕೇಳಿಯೇ ಇರಲಿಲ್ಲ. ಹೊಂಗೆ ಮರದ ಕೆಳಗೆ, ಒಳ್ಳೆಯ ನೆರಳಿದೆ ಎಂದೆ. ಆಕೆ ಕೈಮುಗಿದಳು.

ಮುಂದಿನ ಭಾನುವಾರ ಗುಂಪಿನವರೆಲ್ಲ ಚಿಕ್ಕಬಳ್ಳಾಪುರದಲ್ಲಿ ಸೇರಿದಾಗ ಮೇಡಂ ನನ್ನ ಮುಖ ನೋಡಲಿಲ್ಲ. ಕಾಫಿ ಮುಗಿದ ಮೇಲೆ ಕೇಳಿದರು: “ಹುಡುಕೋದು ಬೇಡ ಅಂತ ಯಾಕಂದ್ರಿ ಸಾರ್? ಹಗ್ಗ ಕಡ್ಕೊಂಡು ಹೋಗಿತ್ತು ಅಷ್ಟೆ. ಅವತ್ತೇ ಹುಡುಕಿದ್ರೆ ಸಿಕ್ತಿತ್ತು.”

ಸತ್ತಿತು ಎಂದುಕೊಂಡೆ ಎಂದೆ.

“ಸತ್ತಿದ್ರೆ ಸತ್ತೋಯ್ತು ಅಂತಿರ್ಲಿಲ್ವಾ?”

ನಮ್ಮ ಮನೆಯಲ್ಲಿ ಯಾರೂ ಸತ್ತದ್ದೇ ಇಲ್ಲ. ಅಜ್ಜ, ಅಜ್ಜಿ, ಎಮ್ಮೆ ಎಲ್ಲರೂ ‘ಹೋದ’ವರೇ. ಮೇಡಂ ಅವರ ಮನೆಮಾತು ತೆಲುಗು. ತಪ್ಪನ್ನು ಅದರ ಮೇಲಾದರೂ ಹಾಕೋಣವೆಂದರೆ ಅಲ್ಲಿಯೂ ‘ಪೋಯಿಂದಿ’ ಎಂದರೆ ಎರಡೂ ಅರ್ಥವೇ. ಹೋಗಿದ್ದು ಎಲ್ಲಿಗೆ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಇಷ್ಟಕ್ಕೂ ಆಗ ಇನ್‌ಕಮಿಂಗ್ ಕಾಲ್ ಪುಕ್ಕಟೆ.

ಎಲ್ಲರೂ ಅಲ್ಲಿಂದಲೇ ಚಿಂತಾಮಣಿಗೆ ಹೊರಟೆವು. ಬಸ್ ಸ್ಟ್ಯಾಂಡಿನ ಹಿಂದೆ, ಮಾಂಸದ ಅಂಗಡಿಯ ಪಕ್ಕದ ಚರಂಡಿಯಲ್ಲಿ ನಾಯಿ ಸಿಕ್ಕಿತು. ಪಟ್ಟಿ ಬಿದ್ದುಹೋಗಿ, ಗಾಯದಲ್ಲಿ ಹುಳು ಆಗಿತ್ತು. ಜೀವ ಉಳಿಯಿತು, ಕಾಲು ತೆಗೆಯಬೇಕಾಯಿತು. ಮೊದಲೇ ತಂದಿದ್ದರೆ ಕಾಲೂ ಉಳಿಯುತ್ತಿತ್ತು ಎಂದು ಡಾಕ್ಟರು ಯಾರನ್ನೂ ನೋಡದೆ ಹೇಳಿದರು. ನಾನು ನೆಲ ನೋಡಿದೆ.

ಗಾಯ ಮಾಗಿದ ಮೇಲೆ ಶಿಡ್ಲಘಟ್ಟದ ಆಕೆಯ ಬಾಗಿಲಿಗೆ ನಾಯಿಯನ್ನು ನಾನೇ ಕರೆದೊಯ್ದೆ. ಬೇರೆ ಯಾರೂ ಬರಲು ಒಪ್ಪಲಿಲ್ಲ. ಮೂರು ಕಾಲಲ್ಲೇ ಅದು ಕುಂಟುತ್ತ ಓಡಿ ಆಕೆಯ ಮಡಿಲಿಗೆ ಬಿತ್ತು. ಕಾಲಿಲ್ಲದ ಜಾಗವನ್ನು ಆಕೆ ಬಹಳ ಹೊತ್ತು ಸವರಿದಳು.

“ಹೊಂಗೆ ಮರದ ಕೆಳಗಿಂದ ಎದ್ದು ಬಂದ್ಯೇನಪ್ಪ?” ಎಂದು ಆಕೆ ನಾಯಿಯನ್ನು ಕೇಳಿದಳು. ನನ್ನನ್ನಲ್ಲ.

ಆಮೇಲೂ ಆ ಬೀದಿಯಲ್ಲಿ ಹೋದಾಗಲೆಲ್ಲ ಆಕೆ ನನ್ನನ್ನು ಬೈದದ್ದಿಲ್ಲ. ನಾಯಿಗೆ ಮಾತ್ರ ಹೇಳುತ್ತಿದ್ದಳು: “ನೋಡೋ, ಹೊಂಗೆ ಮರದ ಸಾರ್ ಬಂದವ್ರೆ.” ಅದು ಬಾಲ ಅಲ್ಲಾಡಿಸುತ್ತ ಎದ್ದು ಬರುತ್ತಿತ್ತು.